‘ನೋಡೋಣ’ ಅಂದವರನ್ನು ಬಿಡದ ಕಂಪ್ಯೂಟರ್

ಪಂಕ್ತಿಯಲ್ಲಿ ಕೂತವರ ಜೇಬಿನಲ್ಲಿ ಫೋನು ‘ಟಿಂಗ್’ ಅಂದರೆ ಸಾಕು, ಈಗಲೂ ಬೆಚ್ಚಿ ತಿರುಗಿ ನೋಡುತ್ತೇನೆ. ಸಾಂಬಾರಿನ ಬಕೆಟ್ ಹಿಡಿದು ನಿಂತಲ್ಲೇ ನಿಂತುಬಿಟ್ಟ ಆ ಕ್ಷಣ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತದೆ. (ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಆಗುವುದರಲ್ಲಿತ್ತು, ಅಷ್ಟೇ.)

ನಡೆದದ್ದು ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯಲ್ಲಿ, ನನ್ನ ತಂಗಿ ಶೋಭಾಳ ಗೃಹಪ್ರವೇಶದ ದಿನ. ಕಾರಣ, ಅವಳ ಆಫೀಸಿನ ಒಂದು ಆಟ.

ಶೋಭಾ ದೊಡ್ಡಬಳ್ಳಾಪುರದ ಒಂದು ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾಳೆ. ಅಲ್ಲಿಗೆ ಹೊಸ ಸಾಫ್ಟ್‌ವೇರ್ ಬಂತು. ದಿನಾ ಮಾಡಿದ್ದನ್ನೇ ಮಾಡುವ ಕೆಲಸಗಳನ್ನು ಅದಕ್ಕೆ ಒಂದು ಸಲ ಹೇಳಿಕೊಟ್ಟರೆ ಆಯಿತು, ತಾನೇ ಮಾಡಿಕೊಂಡು ಹೋಗುತ್ತದೆ. ಬಿಲ್ ಬಂದರೆ ಮ್ಯಾನೇಜರ್‌ಗೆ ಕಳಿಸು. ಅವರು ಒಪ್ಪಿದರೆ ಮುಂದಕ್ಕೆ, ಒಪ್ಪದಿದ್ದರೆ ಹಿಂದಕ್ಕೆ. ಪರದೆ ತುಂಬ ಚೌಕಗಳು, ನಡುವೆ ಬಾಣಗಳು.

‘ರಂಗೋಲಿಗಿಂತ ಸುಲಭ ಕಣಣ್ಣ’ ಅಂದಳು.

ಟ್ರೈನಿಂಗ್ ಕೊಟ್ಟರೆ ಎಲ್ಲರೂ ಆಕಳಿಸುತ್ತಾರೆ ಅಂತ ಆಫೀಸಿನವರು ಅದನ್ನೇ ಪಂದ್ಯ ಮಾಡಿದರು. ವಾರಕ್ಕೊಂದು ಸವಾಲು. ಒಂದು ವಾರ, ಟೀ ಪುಡಿ ಮುಗಿಯುವ ಮೊದಲೇ ಎಚ್ಚರಿಸುವ ಪ್ರೋಗ್ರಾಂ. ಇನ್ನೊಂದು ವಾರ, ಬಾಸ್ ಜೋಕ್ ಕಳಿಸಿದರೆ ತಾನೇ ನಕ್ಕು ಉತ್ತರಿಸುವ ಪ್ರೋಗ್ರಾಂ. (ಇದಕ್ಕೆ ಅತಿ ಹೆಚ್ಚು ಜನ ಸೇರಿದ್ದರಂತೆ.) ಕೊನೆಯ ಸವಾಲು ಹೀಗಿತ್ತು: ನಿಮ್ಮ ಮನೆಯ ಒಂದು ಕೆಲಸವನ್ನು ಸಾಫ್ಟ್‌ವೇರ್‌ಗೆ ಒಪ್ಪಿಸಿ. ಒಮ್ಮೆ ಶುರುವಾದ ಮೇಲೆ ಸಂಜೆವರೆಗೆ ಯಾರೂ ಕೈ ಹಾಕುವಂತಿಲ್ಲ.

ಮನೆಯಲ್ಲಿ ಗೃಹಪ್ರವೇಶ. ಶೋಭಾ ಆರಿಸಿಕೊಂಡ ಕೆಲಸ, ಎರಡನೇ ಕರೆ.

ನಮ್ಮ ಕಡೆ ಮುಂಚೆಯೇ ಹೋಗಿ ಅರಿಶಿನ ಕುಂಕುಮ ಕೊಟ್ಟು ಕರೆದು ಬಂದರೆ ಮುಗಿಯಲಿಲ್ಲ. ಆ ದಿನ ಬೆಳಗ್ಗೆ ಮತ್ತೊಮ್ಮೆ ‘ಊಟಕ್ಕೆ ಬನ್ನಿ’ ಅಂತ ಕರೆಯಬೇಕು. ಹಿಂದೆ ಮನೆಮನೆಗೆ ಹೋಗುತ್ತಿದ್ದೆವು, ಈಗ ಫೋನು. ಶೋಭಾಳ ಪ್ರೋಗ್ರಾಂ ಬೆಳಗ್ಗೆ ಅವಳ ನಂಬರಿನಿಂದ ಎಲ್ಲರಿಗೂ ಮೆಸೇಜ್ ಕಳಿಸುತ್ತದೆ. ‘ಹೂಂ’ ಅಂತ ಉತ್ತರ ಬಂದರೆ ಸಂತೋಷ ಅನ್ನುತ್ತದೆ. ‘ಇಲ್ಲ’ ಅಂತ ಬಂದರೆ ಸುಮ್ಮನಾಗುತ್ತದೆ. ಎರಡೂ ಅಲ್ಲದಿದ್ದರೆ ಸ್ವಲ್ಪ ಹೊತ್ತು ಕಾದು ಮತ್ತೆ ಕರೆಯುತ್ತದೆ.

ಎಷ್ಟು ಅಚ್ಚುಕಟ್ಟು, ಅಲ್ಲವೇ?

ಒಂದು ಪ್ರಶ್ನೆ. ನಮ್ಮ ಕಡೆ ಕರೆದಾಗ ‘ಹೂಂ’ ಅಥವಾ ‘ಇಲ್ಲ’ ಅಂತ ನೇರವಾಗಿ ಹೇಳಿದವರನ್ನು ನೀವು ಯಾವತ್ತಾದರೂ ನೋಡಿದ್ದೀರಾ? ಹೂಂ ಅಂದರೆ ಊಟಕ್ಕೆ ಕಾದು ಕೂತಂತೆ. ಇಲ್ಲ ಅಂದರೆ ಕರೆದವರ ಮುಖಕ್ಕೆ ಹೊಡೆದಂತೆ. ಅದಕ್ಕೇ ಎಲ್ಲರೂ ‘ಆಗ್ಲಿ, ನೋಡೋಣ’ ಅನ್ನುತ್ತಾರೆ. ಇಲ್ಲವೇ ಕೈ ಮುಗಿಯುವ ಚಿತ್ರ. ಇಲ್ಲವೇ ಗುಲಾಬಿ ಹೂವಿನ ಶುಭೋದಯ. ಹುಟ್ಟಿದಾಗಿನಿಂದ ಇದೇ ಊರಲ್ಲಿ ಬೆಳೆದ ಶೋಭಾ ಇದನ್ನು ಮರೆತಿದ್ದಳು!

ಬೆಳಗ್ಗೆ ಹೋಮಕ್ಕೆ ಕೂರುವ ಮುಂಚೆ ಫೋನನ್ನು ನನ್ನ ಕೈಗಿಟ್ಟಳು. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ಅದು ಯಾರನ್ನೂ ಬಿಡುತ್ತಿಲ್ಲ. ಕರೆದವರನ್ನೇ ಮತ್ತೆ ಮತ್ತೆ ಕರೆಯುತ್ತಿದೆ. ಆ ಸಾಲಿನಲ್ಲಿ ದೊಡ್ಡಮಾವನೂ ಇದ್ದರು.

ದೊಡ್ಡಮಾವ ಅಂದರೆ ಅಮ್ಮನ ಅಣ್ಣ, ಸಾಸಲು ಊರಿನವರು. ಶೋಭಾಳ ಮದುವೆಯ ಊಟದಲ್ಲಿ ಇವರಿಗೆ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳಿ ಅಂತ ಯಾರೂ ಬಲವಂತ ಮಾಡಲಿಲ್ಲ. ಎಲೆ ಮಡಚಿ ಎದ್ದು ಹೋದವರು ಆಮೇಲೆ ನಮ್ಮ ಯಾವ ಮನೆಯ ಹೊಸ್ತಿಲನ್ನೂ ತುಳಿದಿಲ್ಲ. ಈ ಸಲ ಶೋಭಾ, ಅವಳ ಗಂಡ ಇಬ್ಬರೂ ಹೋಗಿ ಕರೆದಿದ್ದರು. ‘ನೋಡೋಣ’ ಅಂದಿದ್ದರು. ಅಮ್ಮ ಬೆಳಗಿನಿಂದ ಗೇಟಿನ ಕಡೆಗೇ ಮುಖ ಮಾಡಿಕೊಂಡಿದ್ದಳು. ಅಣ್ಣ ಬಂದು ಮಗಳ ಮನೆಯಲ್ಲಿ ಒಂದು ತುತ್ತು ಉಂಡರೆ ಸಾಕು ಅನ್ನೋದೊಂದೇ ಅವಳ ಆಸೆ.

ಅಂಥವರನ್ನು ಈ ಯಂತ್ರ ಕೆಣಕುತ್ತಿದೆ. ಮಾವನ ಉತ್ತರಗಳನ್ನು ಒಂದೊಂದಾಗಿ ಓದಿದೆ. ಮೊದಲು ‘ನೋಡೋಣ’. ಆಮೇಲೆ ‘ನೋಡೋಣ ಅಂದ್ನಲ್ಲಮ್ಮ’. ಆಮೇಲೆ ‘ಮಂಡಿ ನೋವು’. ಕೊನೆಗೆ ‘ಏನ್ ನಿನ್ ಹಟ’. ಅಲ್ಲಿಂದ ಮುಂದೆ ಉತ್ತರವೇ ಇಲ್ಲ. ಯಂತ್ರ ಮಾತ್ರ ಕರೆಯುತ್ತಲೇ ಇದೆ.

ಹೋಮದ ಹೊಗೆಯಲ್ಲಿ ತಂಗಿಯ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ.

‘ಲೇ ಶೋಭಾ, ಇದನ್ನ ನಿಲ್ಲಿಸೋದು ಹೆಂಗೆ?’

‘ಲ್ಯಾಪ್‌ಟಾಪಲ್ಲಿ ಕಣಣ್ಣ. ಫೋನ್ ಆಫ್ ಮಾಡಿದ್ರೂ ನಿಲ್ಲಲ್ಲ. ಲ್ಯಾಪ್‌ಟಾಪ್ ಹಳೇ ಮನೇಲೇ ಬಿಟ್ಟು ಬಂದೆ. ಯಾಕೆ?’

‘ಮಾವನ್ನ ಹಿಡ್ಕೊಂಡು ಬಿಡ್ತಾನೇ ಇಲ್ಲ ಅದು.’

ಅವಳು ತಿರುಗಲಿಲ್ಲ. ಕೈಯಲ್ಲಿದ್ದ ತುಪ್ಪವನ್ನೆಲ್ಲ ಒಮ್ಮೆಗೇ ಹೋಮಕ್ಕೆ ಸುರಿದಳು. ಐನೋರು ಮಂತ್ರ ನಿಲ್ಲಿಸಿ ನನ್ನ ಕಡೆ ನೋಡಿ, ‘ಯಜಮಾನ್ರೆ, ನೀವೂ ಕೂತ್ಕೊಳ್ಳೋದಾದ್ರೆ ಇನ್ನೊಂದು ಮಣೆ ಹಾಕಿಸ್ಲಾ?’ ಅಂದರು. ಎದ್ದು ಬಂದೆ.

ಮಧ್ಯಾಹ್ನ ಗೇಟಿನ ಮುಂದೆ ಒಂದು ಆಟೋ ನಿಂತಿತು. ಮೊದಲು ಇಳಿದದ್ದು ಒಂದು ಹಲಸಿನ ಹಣ್ಣು. ಅದರ ಹಿಂದೆ ಬಿಳಿ ಪಂಚೆ. ದೊಡ್ಡಮಾವ.

‘ಅಣ್ಣಯ್ಯಾ’ ಅನ್ನುತ್ತಾ ಅಮ್ಮ ಗೇಟಿಗೆ ಓಡಿದಳು.

‘ಬರ್ದೇ ಇರೋಕೆ ಬಿಟ್ಟಾಳಾ ನಿನ್ ಮಗಳು?’ ಅಂದರು ಮಾವ. ‘ನನ್ ಮದ್ವೇಗೂ ನನ್ನ ಯಾರೂ ಇಷ್ಟು ಸಲ ಕರೀಲಿಲ್ಲ ಕಣಮ್ಮಾ.’

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮುಗಿಯಲಿಲ್ಲ.

ಪಂಕ್ತಿ ಕೂತಿತು. ಶೋಭಾ ತಾನೇ ಹೋಳಿಗೆ ಬಡಿಸುತ್ತಾ ಬಂದಳು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಹೋಳಿಗೆ. ಸರಿಯಾಗಿ ಮಾವನ ಎಲೆಯ ಮುಂದೆ ಬಗ್ಗಿದಳು.

ಟಿಂಗ್.

ಮಾವ ಎಡಗೈಯಲ್ಲಿ ಫೋನು ತೆಗೆದರು. ಓದಿದರು. ‘ಮಾವ, ದಯವಿಟ್ಟು ಊಟಕ್ಕೆ ಬನ್ನಿ. ಶೋಭಾ.’ ಫೋನು ನೋಡಿದರು. ಶೋಭಾಳ ಎರಡೂ ಕೈ ನೋಡಿದರು. ಮತ್ತೆ ಫೋನು ನೋಡಿದರು.

ಆ ಕ್ಷಣ ಅಂದೆನಲ್ಲ, ಇದೇ. ಸಾಂಬಾರಿನ ಬಕೆಟ್ ನನ್ನ ಕೈಯಲ್ಲಿ. ಅಮ್ಮ ಕಂಬದ ಪಕ್ಕ. ಮಾವ ಎಲೆ ಮಡಚಿದರೆ ಈ ಜನ್ಮಕ್ಕೆ ಮುಗಿಯಿತು.

‘ಯಾರಮ್ಮ ಇದು ಕರೀತಿರೋದು?’

ಸುಳ್ಳು ಹೇಳಬಹುದಿತ್ತು. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಶೋಭಾ ಹೇಳಲಿಲ್ಲ.

‘ಕಂಪ್ಯೂಟರ್ ಮಾವ. ಆಫೀಸಲ್ಲಿ ಒಂದು ಪಂದ್ಯ ಇಟ್ಟಿದ್ರು. ಬೆಳಗ್ಗಿಂದ ಅದೇ ಕರೀತಿದೆ.’

ಪಕ್ಕದೆಲೆಯವರು ಹಪ್ಪಳ ಮುರಿಯುವುದನ್ನು ಬಿಟ್ಟು ಇತ್ತ ತಿರುಗಿದರು.

‘ಬರೋಗಂಟ ಬಿಡಬೇಡ, ಕರೀತಾನೇ ಇರು ಅಂತ ಅದಕ್ಕೆ ಹೇಳ್ಕೊಟ್ಟೋರ್ ಯಾರು?’

‘ನಾನೇ ಮಾವ.’

ಮಾವ ಫೋನನ್ನು ಜೇಬಿಗಿಳಿಸಿದರು.

‘ಮತ್ತೆ ನೀನೇ ಕರ್ದಂಗಾಯ್ತಲ್ಲ. ಅದ್ಯಾಕೆ ಹಂಗ್ ಹಿಡ್ಕೊಂಡ್ ನಿಂತಿದೀಯ? ಹಾಕು ಹೋಳಿಗೆ.’

ಹಾಕಿದಳು. ಸಾಕು ಅಂದರೂ ಇನ್ನೊಂದು ಹಾಕಿದಳು. ಬೇಡ ಅಂತ ಅಡ್ಡ ಹಿಡಿದ ಕೈಯನ್ನು ಅಮ್ಮ ಬಂದು ಸರಿಸಿ ಮತ್ತೊಂದು ಹಾಕಿಸಿದಳು. ಇಡೀ ಪಂಕ್ತಿ ನಕ್ಕಿತು. ನನ್ನ ಬಕೆಟ್ ಅರ್ಧ ಖಾಲಿಯಾಗಿತ್ತು. ಬಡಿಸಿದ್ದಲ್ಲ, ನನ್ನ ಪಂಚೆಯ ಮೇಲೆ ಚೆಲ್ಲಿದ್ದು.

ಕೈ ತೊಳೆದು ಬಂದ ಮಾವ ಫೋನು ಹಿಡಿದು ಕೂತರು. ‘ಪಾಪ, ಅದಕ್ಕೂ ಒಂದ್ ಮಾತು ಹೇಳ್ಬೇಕಲ್ಲಪ್ಪ’ ಅನ್ನುತ್ತಾ ಒಂದೊಂದೇ ಅಕ್ಷರ ಒತ್ತಿ ‘ಹೂಂ’ ಅಂತ ಕಳಿಸಿದರು. ‘ಬಹಳ ಸಂತೋಷ ಮಾವ’ ಅಂತ ಉತ್ತರ ಬಂತು. ಆ ದಿನ ಇಡೀ ಬಳಗದಲ್ಲಿ ‘ಹೂಂ’ ಅಂದವರು ಅವರೊಬ್ಬರೇ.

ಮೊನ್ನೆ ಪಂದ್ಯದ ಫಲಿತಾಂಶ ಬಂತು. ಶೋಭಾಗೆ ಸಿಕ್ಕಿದ್ದು ಸಮಾಧಾನಕರ ಬಹುಮಾನ, ಒಂದು ಕಾಫಿ ಮಗ್. ಎಲ್ಲಿ ತಪ್ಪಿತು ಅಂತ ತೀರ್ಪುಗಾರರು ಬರೆದೂ ಕೊಟ್ಟಿದ್ದಾರೆ: ‘ಎರಡು ಸಲ ಕೇಳಿ ಸ್ಪಷ್ಟ ಉತ್ತರ ಬರದಿದ್ದರೆ ಪ್ರೋಗ್ರಾಂ ನಿಲ್ಲಬೇಕಿತ್ತು.’

ಎರಡೇ ಸಲಕ್ಕೆ ನಿಲ್ಲಿಸುವುದಾದರೆ, ಅದನ್ನು ನಮ್ಮ ಕಡೆ ಕರೆಯುವುದು ಅಂತಾರಾ?