ಹಳೆಯ ದೋಣಿ, ಹೊಸ ದೋಣಿ, ನಡುವೆ ನಾನು

ಮೂರು ವಾರಗಳಿಂದ ನಮ್ಮ ಪಡಸಾಲೆಯ ಮೂಲೆಯಲ್ಲಿ ಹೊಸ ಚಪ್ಪಲಿಗಳ ಜೋಡೊಂದು ನನ್ನನ್ನೇ ನೋಡುತ್ತ ಕುಳಿತಿದೆ. ಕೊಳ್ಳುವಾಗ ಎಷ್ಟು ಸಂಭ್ರಮದಿಂದ ಮೆಟ್ಟಿ ನೋಡಿದ್ದೆನೋ, ಈಗ ಅಷ್ಟೇ ಸಂಕೋಚದಿಂದ ಅವನ್ನು ದಾಟಿ, ಹಿಮ್ಮಡಿ ಸವೆದ ಹಳೆಯ ಜೋಡಿನಲ್ಲಿ ಕಾಲು ತೂರಿಸಿ ಹೊರಬೀಳುತ್ತೇನೆ. ಹೊಸದು ಕಚ್ಚುತ್ತದೆ, ಹಳೆಯದು ಜಾರುತ್ತದೆ. ಯಾವುದಕ್ಕೆ ಕೊಟ್ಟ ದುಡ್ಡು ಸಾರ್ಥಕವೆಂಬ ಪ್ರಶ್ನೆ ನಿಮ್ಮ ಮನೆಯಲ್ಲೂ ಹುಟ್ಟಿರಬಹುದು. ಆದರೆ ಕಲಬುರ್ಗಿಯಂಥ ಬಿಸಿಲೂರಿನಲ್ಲಿ ಕುಳಿತು ಆ ಪ್ರಶ್ನೆಯನ್ನು ಹಾಯಿದೋಣಿಯ ವಿಷಯದಲ್ಲಿ ಕೇಳಿಕೊಂಡವನು ಬಹುಶಃ ನಾನೊಬ್ಬನೇ.

ಇದರ ಮೂಲ ಮುಂಬಯಿಯಲ್ಲಿದೆ. ನಾನು ಪದವಿ ಪಡೆಯುವ ದಿನ ಹೆಂಡತಿ ಗುರುಬಸಮ್ಮನನ್ನೂ ರೈಲಿನಲ್ಲಿ ಕರೆದೊಯ್ದಿದ್ದೆ. ನನ್ನ ಕರಿಯ ನಿಲುವಂಗಿಯನ್ನು ಆಕೆ ಹೆಚ್ಚು ಹೊತ್ತು ನೋಡಲಿಲ್ಲ. ಸಮುದ್ರದ ಮೇಲೆ ಬಿಳಿಯ ಹಾಯಿಗಳು ಸಾಗುವುದನ್ನು ಮಾತ್ರ ಸಂಜೆಯವರೆಗೆ ನೋಡಿದಳು. ಅಂಥದ್ದರಲ್ಲಿ ಒಂದು ದಿನ ಕೂಡಿಸುತ್ತೇನೆಂದು ನಾನು ಮಾತು ಕೊಟ್ಟೆ. ದಂಡೆಯ ಮೇಲೆ ಕೊಟ್ಟೆನೋ, ತಿರುಗಿ ಬರುವಾಗ ರೈಲಿನಲ್ಲಿ ಕೊಟ್ಟೆನೋ, ಖಚಿತವಾಗಿ ಹೇಳಲಾರೆ. ನನ್ನ ನೆನಪು ದಂಡೆ ಎನ್ನುತ್ತದೆ, ಆದರೆ ಅದಕ್ಕೆ ಅಂದವಾದುದನ್ನೇ ಹೇಳುವ ಚಟವಿದೆ. ದಿನಚರಿಯೋ, ಆ ದಿನ ನಿಲುವಂಗಿಯ ಬಾಡಿಗೆಯನ್ನಷ್ಟೇ ಬರೆದುಕೊಂಡಿದೆ. ಗುರುಬಸಮ್ಮ ಮರೆತಿರಲಿಲ್ಲ. ಐದು ವರ್ಷ ಒಮ್ಮೆಯೂ ಕೇಳಲಿಲ್ಲ ಎಂಬುದರಿಂದಲೇ ಅದು ಗೊತ್ತಾಗುತ್ತಿತ್ತು. ಗುಡಿಯ ಹತ್ತಿರದ ಕೆರೆಯಿಂದ ಕೊಡ ಹೊತ್ತು ಬಂದಾಗ, "ಇವತ್ತ ಕೆರ್‍ಯಾಗ ಗಾಳಿ ಛಲೋ ಇತ್ತು ನೋಡ್ರಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು.

ಐದನೆಯ ಬೇಸಿಗೆಯಲ್ಲಿ ನಾನು ದಿನಚರಿಯ ಒಂದು ಪುಟಕ್ಕೆ ನಡುವೆ ಗೆರೆ ಎಳೆದು ಲೆಕ್ಕಕ್ಕೆ ಕುಳಿತೆ. ಎಡಗಡೆ ಹೊಸ ದೋಣಿ: ಸಾಗವಾನಿ, ಬಡಗಿಯ ಕೂಲಿ, ತರುವ ಬಂಡಿಯ ಬಾಡಿಗೆ, ಹಾಯಿಬಟ್ಟೆಯನ್ನು ಮುಂಬಯಿಯಿಂದಲೇ ತರಿಸಬೇಕಾದ್ದರಿಂದ ನಮ್ಮ ನಿಜಾಮರ ಹಾಲಿ ಸಿಕ್ಕಾ ನಾಣ್ಯ ಕೊಟ್ಟು ಇಂಗ್ರೇಜರ ಕಲ್ದಾರ ರೂಪಾಯಿ ಪಡೆಯುವಾಗ ಆಗುವ ನಷ್ಟ. ಬಲಗಡೆ ಹಳೆಯ ದೋಣಿ: ಕೊಂಡ ಬೆಲೆ, ಆಮೇಲೆ ರಿಪೇರಿ, ಆಮೇಲೆ ಮತ್ತೆ ರಿಪೇರಿ. ಮಾನ ಹೋದರೆ ಆಗುವ ಖರ್ಚಿಗೆ ಎರಡೂ ಕಡೆ ಜಾಗ ಬಿಟ್ಟಿರಲಿಲ್ಲ. ಗಂಜಿನ ಪೇಟೆಯಲ್ಲಿ ತೊಗರಿ ವ್ಯಾಪಾರ ಮಾಡುವ ನನ್ನ ತಂದೆ ಪುಟವನ್ನು ಇಣುಕಿ ನೋಡಿ, "ಎತ್ತು ಕೊಳ್ಳೂ ಮುಂದ ಹಲ್ಲು ನೋಡ್ತಾರಪಾ. ದೋಣಿಗಿ ಏನ್ ನೋಡ್ತೀ?" ಎಂದರು. ನಾನು ದಿನಚರಿ ಮಡಿಚಿ ಕೆರೆಯ ಕಡೆ ಹೊರಟೆ.

ಹಳೆಯ ದೋಣಿ ನಮ್ಮ ಕೆರೆಯಲ್ಲೇ ಇತ್ತು. ರೈಲ್ವೆಯ ಇಂಜಿನಿಯರ್ ದೊರೆಯೊಬ್ಬ ಅದನ್ನು ವಿನೋದಕ್ಕಾಗಿ ತರಿಸಿ, ವರ್ಗವಾಗಿ ಹೋಗುವಾಗ ಕೆರೆಯ ಕಾವಲುಗಾರ ಮಸ್ತಾನ್ ಸಾಬನಿಗೆ ಬಿಟ್ಟುಹೋಗಿದ್ದ. ನಾನು ನೋಡಲು ಹೋದಾಗ ಮಸ್ತಾನ್ ಸಾಬ ನೀರಿನ ಕಡೆ ಬೆರಳು ಮಾಡಿದ. ಅಲ್ಲಿ ನೀರಿನ ಹೊರತು ಏನೂ ಕಾಣಲಿಲ್ಲ.

"ದೋಣಿ ಎಲ್ಲಿ ಅದ?"

"ನೀರಾಗ ಅದ ಸಾಹೇಬ್. ಬ್ಯಾಸಗಿ ಅಲ್ರೀ, ಕಲ್ಲು ಹೇರಿ ಮಲಗ್ಸೀನಿ."

ಮುಳುಗಿದ ದೋಣಿಯನ್ನು ಇಷ್ಟು ಸಮಾಧಾನದಿಂದ ಮಾರುವವನನ್ನು ನಾನು ಕಂಡಿರಲಿಲ್ಲ. ತೇಲುವ ದೋಣಿ ಬೇಕಾಗಿದೆ ಎಂದು ನಗುತ್ತ ಹೇಳಿದೆ. "ಹಂಗಾರ ಹುಡುಕ್ರಿ" ಎಂದ ಆತ, "ಇದರ ಫಿಕರ್ ಬ್ಯಾಡ, ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದೂ ಸೇರಿಸಿದ. ಈ ಕಥೆಯನ್ನು ನಾನು ಒಂದು ವಾರ ಗಂಜಿನ ತುಂಬ ಹೇಳಿ ನಗಿಸಿದೆ.

ಆಮೇಲೆ ಕಮಲಾಪುರಕ್ಕೆ ಹೋದೆ. ಅಲ್ಲಿನ ಕೆಂಪು ಬಾಳೆಹಣ್ಣಿನಷ್ಟೇ ಬಡಗಿ ಕಾಳಪ್ಪನ ಬಂಡಿಗಳಿಗೂ ಸುತ್ತಮುತ್ತ ಹೆಸರಿತ್ತು. ನಾನು ಬರೆದೊಯ್ದಿದ್ದ ಚಿತ್ರವನ್ನು ಆತ ನಾಲ್ಕೂ ಕಡೆಯಿಂದ ತಿರುಗಿಸಿ ನೋಡಿದ.

"ಇದಕ್ಕ ಅಚ್ಚು ಎಲ್ಲಿ ಬರ್ತದ್ರೀ?"

"ಅಚ್ಚಿಲ್ಲ, ಗಾಲಿನೂ ಇಲ್ಲ ಕಾಳಪ್ಪ. ಇದನ್ನ ಗಾಳಿ ಎಳೀತದ."

ಕಾಳಪ್ಪ ಚಿತ್ರವನ್ನು ಮಡಿಚಿ ಕೊಟ್ಟು, "ಮೇವಿನ ಖರ್ಚು ಉಳೀತು ಬಿಡ್ರಿ" ಎಂದ. ಮನೆಗೆ ಬಂದು ಈ ಲಾಭವನ್ನೂ ಎಡಗಡೆ ಬರೆದುಕೊಂಡೆ. ಹಳೆಯ ದೋಣಿಯೂ ಮೇವು ತಿನ್ನುವುದಿಲ್ಲವೆಂದು ಆಗ ಹೊಳೆಯಲಿಲ್ಲ.

ಒಣಗಿದಷ್ಟೂ ಕಟ್ಟಿಗೆ ಗಟ್ಟಿ ಎಂಬುದು ಬಂಡಿ ಮಾಡುವವರ ಶಾಸ್ತ್ರ. ದೋಣಿ ಬಂಡಿಯೇರಿ ನಮ್ಮ ಅಂಗಳಕ್ಕೆ ಬಂದಾಗ, ಮಳೆ ಬೀಳುವವರೆಗೆ ಚೆನ್ನಾಗಿ ಬಿಸಿಲು ತೋರಿಸಬೇಕೆಂದು ಕಾಳಪ್ಪ ಹೇಳಿಕಳಿಸಿದ್ದ. ನೆರಳು ಬಂದಲ್ಲಿಂದ ದೋಣಿಯನ್ನು ಬಿಸಿಲಿಗೆ ಸರಿಸುತ್ತ ನಾನು ಒಂದೂವರೆ ತಿಂಗಳು ಭಕ್ತಿಯಿಂದ ಒಣಗಿಸಿದೆ. ಕಲಬುರ್ಗಿಯ ಬಿಸಿಲು ತನ್ನ ಪಾಲಿನ ಕೆಲಸದಲ್ಲಿ ಎಂದೂ ಮೈಗಳ್ಳತನ ಮಾಡುವುದಿಲ್ಲ.

ಮಿರಗದ, ಅಂದರೆ ಮೃಗಶಿರದ, ಮಳೆಗೆ ಕೆರೆ ಏರಿತು. ಕಾಳಪ್ಪ ಬಾಳೆಗೊನೆಯೊಂದಿಗೆ ಬಂದ, ತೆಂಗಿನಕಾಯಿ ಒಡೆಸಿದೆವು. ಗುರುಬಸಮ್ಮ ಇಳಕಲ್ ಸೀರೆಯುಟ್ಟು, ಯಾರನ್ನೂ ನೋಡದೆ, ಮುಖದ ಸಂತೋಷವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹತ್ತಿ ಕುಳಿತಳು. ದಂಡೆಯಿಂದ ಹತ್ತು ಮಾರು ಹೋಗಿರಬೇಕು; ಹಲಗೆಯ ಸಂದುಸಂದಿನಿಂದ ನೀರು ಒಸರಿ, ನಮ್ಮ ಕಾಲಬಳಿ ಬಾಳೆಹಣ್ಣುಗಳು ತೇಲತೊಡಗಿದವು.

"ಬೊಂಬಾಯಿ ದೋಣ್ಯಾಗ ನೀರು ಹೊರಗ ಇದ್ದಂಗ ನೆನಪ್ರೀ" ಎಂದಳು ಗುರುಬಸಮ್ಮ.

ಅಷ್ಟು ಹೇಳಿ ಕೆಳಗಿಳಿದು, ಸೊಂಟಮಟ್ಟದ ನೀರಿನಲ್ಲಿ, ಸೀರೆ ಹಿಡಿದುಕೊಂಡು, ಅರ್ಧ ಊರಿನ ಕಣ್ಣೆದುರು ನಡೆದೇ ದಂಡೆ ಸೇರಿದಳು. ನಾನು ಹಿಂದೆಯೇ ಹೋದೆ. ಬೈಯುತ್ತಾಳೆಂದುಕೊಂಡಿದ್ದೆ. "ನೀವು ಕೊಟ್ಟ ಮಾತು ತೀರ್ತು ಅನ್ಕೋರಿ. ಇನ್ನ ಬ್ಯಾಡ" ಎಂದು ಮೆಲ್ಲಗೆ ಹೇಳಿ ಮನೆಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಮಸ್ತಾನ್ ಸಾಬ ಬಂದು ಹಲಗೆಗಳ ಮೇಲೆ ಕೈಯಾಡಿಸಿದ. "ಇದರಾಗ ಐಬು ಇಲ್ಲ ಸಾಹೇಬ್. ಬಿಸಲಾಗ ಇಟ್ಟು ನೀರಡಿಸ್ಯಾದ. ಎಂಟ್ ದಿನ ಮುಳುಗ್ಸಿ ಇಡ್ರಿ. ಹಲಗಿ ಉಬ್ಬಿ ಸಂದು ಮುಚ್ಚತಾವ."

ಕಾಳಪ್ಪ ಹಣೆ ಬಡಿದುಕೊಂಡ. "ಬ್ಯಾಸಗ್ಯಾಗ ಗಾಲಿ ಸಡ್ಲಾದ್ರ ನಾವೇ ಹಳ್ಳದಾಗ ನೆನಿ ಹಾಕ್ತೀವ್ರಿ. ಇದಕ್ಕ ಗಾಲಿ ಇಲ್ಲಲ್ಲ ಅಂತ ಮರತೇಬಿಟ್ಟೆ."

ಹೀಗೆ, ಪೂರ್ತಿ ಬೆಲೆ ಕೊಟ್ಟು ಮಾಡಿಸಿದ ಹೊಸ ದೋಣಿಗೆ ನನ್ನ ಕೈಯಾರೆ ಕಲ್ಲು ಹೇರಿ, ನಾನು ನಕ್ಕಿದ್ದ ಹಳೆಯ ದೋಣಿಯ ಪಕ್ಕದಲ್ಲೇ ಮುಳುಗಿಸಿದೆ. ಸಂಜೆ ತಂದೆ ಕೆರೆಯ ಏರಿಯ ಮೇಲೆ ನಿಂತು ನೋಡಿ, "ನಿನ್ನ ಎಡಗಡಿದೂ ಬಲಗಡಿದೂ ಒಂದೇ ಕಡಿ ಹೋಯ್ತಲ್ಲೋ" ಎಂದರು.

ಒಂಬತ್ತನೆಯ ದಿನ ಎರಡನ್ನೂ ಎತ್ತಿದೆವು. ಗುರುಬಸಮ್ಮನನ್ನು ಕರೆಯುವ ಧೈರ್ಯ ನನಗಿರಲಿಲ್ಲ. ಆಕೆ ಕೊಡ ಹಿಡಿದು ನೀರಿಗೆ ಬಂದವಳು, ತೇಲುತ್ತಿದ್ದ ಎರಡು ದೋಣಿಗಳನ್ನೂ ನೋಡಿ ನಿಂತಳು. ಹಳೆಯದರಲ್ಲಿ ಭಯವಿಲ್ಲವೆಂದು ಮಸ್ತಾನ್ ಸಾಬ ಅದನ್ನೇ ಹತ್ತಿರ ತಂದ.

"ಬ್ಯಾಡ ಮಾಮಾ, ನಮ್ಮದರಾಗೇ ಕೂಡ್ತೀನಿ" ಎಂದಳು ಆಕೆ. "ಅದೂ ನಾನೂ ಕೂಡೇ ತೊಯ್ದೀವಿ." ಬರಿಯ ಕೊಡವನ್ನು ಮಡಿಲಲ್ಲಿಟ್ಟುಕೊಂಡು ಹತ್ತಿದಳು. ಅದೇಕೆಂದು ಕೇಳಿದ್ದಕ್ಕೆ, "ನೀರು ತೋಡಾಕ ಇರ್ಲಿ" ಎಂದಳು.

ಆ ದಿನ ಹಾಯಿ ಗಾಳಿ ತುಂಬಿ ಉಬ್ಬಿತ್ತೆಂದೂ ನಾವು ಆಚೆ ದಂಡೆಯವರೆಗೆ ಹಾರಿದಂತೆ ಹೋದೆವೆಂದೂ ನನಗೆ ಸ್ಪಷ್ಟವಾಗಿ ನೆನಪಿದೆ. ದಿನಚರಿಯಲ್ಲಿ ನನ್ನದೇ ಕೈಬರಹ ಹೇಳುತ್ತದೆ: "ಗಾಳಿ ಇಲ್ಲ. ಮಸ್ತಾನ್ ಸಾಬ ಬಿದಿರಿನಿಂದ ನೂಕಿದ." ಮೊನ್ನೆ ಗುರುಬಸಮ್ಮನನ್ನೇ ಕೇಳಿದೆ. "ಗಾಳಿ ಗೊತ್ತಿಲ್ರಿ. ಮನಿಗಿ ಬಂದಾಗ ಕೊಡ ಒಣಾನೇ ಇತ್ತು" ಎಂದಳು.

ಲೆಕ್ಕದ ಆ ಪುಟವನ್ನು ನಾನು ಎಂದೂ ಕೂಡಿಸಿ ಮುಗಿಸಲಿಲ್ಲ. ಹೊಸದನ್ನು ಕೊಂಡವನು ಅದನ್ನು ಹಳೆಯದಾಗಿಸುವ ಖರ್ಚನ್ನೂ ತಾನೇ ಹೊರಬೇಕು. ಹಳೆಯದನ್ನು ಕೊಂಡವನಿಗೆ ಆ ಖರ್ಚನ್ನು ಬೇರೆ ಯಾರೋ ಹೊತ್ತಿರುತ್ತಾರೆ. ಇದನ್ನು ಎಡಗಡೆ ಬರೆಯಬೇಕೋ ಬಲಗಡೆಯೋ ಇನ್ನೂ ತಿಳಿದಿಲ್ಲ.

ಇಂದು ಬೆಳಗ್ಗೆ ಪಡಸಾಲೆಯ ಮೂಲೆ ಖಾಲಿಯಾಗಿತ್ತು. ಹುಡುಕಿದರೆ, ಹೊಸ ಚಪ್ಪಲಿಗಳು ಚರ್ಮ ಮೆತ್ತಗಾಗಲೆಂದು ಹಿತ್ತಲಲ್ಲಿ ಹಳೆಯ ಅಗಲ ಪರಾತದೊಳಗೆ ಔಡಲೆಣ್ಣೆಯಲ್ಲಿ ಮುಳುಗಿದ್ದವು. ತೇಲಬಾರದೆಂದು ಮೇಲೆ ಒಂದೊಂದು ಕಲ್ಲು. ಯಾರ ಕೆಲಸವೆಂದು ಕೇಳುವ ಅಗತ್ಯವಿರಲಿಲ್ಲ. "ಎಂಟ್ ದಿನ" ಎಂದಿತು ಅಡಿಗೆಮನೆಯ ಒಳಗಿನ ದನಿ. ನಾನು ಹಳೆಯ ಜೋಡು ಮೆಟ್ಟಿ, ಬೆರಳು ಮಡಿಚಿ ದಿನ ಎಣಿಸುತ್ತ, ಕೆರೆಯ ಕಡೆ ಹೊರಟೆ.