ಆಯುಧಪೂಜೆಗೆ ಬೇಡವಾದ ಆಯುಧ

೨೦೧೧ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಜನರ ಲೆಕ್ಕದಲ್ಲಿ, ನಾನು ಓದು ನಿಲ್ಲಿಸಿದೆ. ಫೇಲಾಗಿ ಅಲ್ಲ, ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಐಟಿಐ ಎಂದ ಕೂಡಲೇ "ಅಯ್ಯೋ, ಮಾರ್ಕ್ಸ್ ಬರ್ಲಿಲ್ವಾ?" ಎಂದು ಕೇಳದವರಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ರಸ್ತೆಯ ವರ್ಕ್‌ಶಾಪುಗಳ ಮುಂದೆ ನಿಂತೇ ನಾನು ಬೆಳೆದದ್ದು. ಕಬ್ಬಿಣದ ಕೆಲಸ ಕಲಿಯಬೇಕೆಂದು ನಾನೇ ಆರಿಸಿಕೊಂಡು ಫಿಟ್ಟರ್ ತರಬೇತಿಗೆ ಸೇರಿದೆ. ಅಪ್ಪ ಆಫೀಸೊಂದರಲ್ಲಿ ಗುಮಾಸ್ತರು. "ಒಂದ್ವರ್ಷ ಹಾಳಾದ್ರೆ ಆಗ್ಲಿ, ಮುಂದಿನ್ವರ್ಷ ಕಾಲೇಜಿಗೆ ಸೇರಿಸ್ತೀನಿ" ಎನ್ನುತ್ತಲೇ ಇದ್ದರು.

ಮೊದಲ ತಿಂಗಳುಗಳಲ್ಲಿ ನಮಗೆ ಒಂದೇ ಕೆಲಸ. ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ಉಜ್ಜಿ ಮಟ್ಟಸ ಮಾಡುವುದು. ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು, ಒಡೆಯುತ್ತಿತ್ತು, ಅದರ ಮೇಲೇ ಮತ್ತೆ ಏಳುತ್ತಿತ್ತು. ಆಯುಧಪೂಜೆ ಬಂತು. ನನ್ನ ಅರ, ಸುತ್ತಿಗೆಗಳನ್ನು ಮನೆಗೆ ತಂದು, ಚೊಕ್ಕಟ ಮಾಡಿ, ಪೂಜೆಯ ಜಾಗದಲ್ಲಿಟ್ಟು ಸ್ನಾನಕ್ಕೆ ಹೋದೆ.

ಬಂದು ನೋಡಿದರೆ ಅಪ್ಪನ ಸ್ಕೂಟರಿಗೆ ಹಾರ. ಅಮ್ಮನ ಹೊಲಿಗೆ ಯಂತ್ರಕ್ಕೆ ಕುಂಕುಮ. ಅಡುಗೆಮನೆಯ ಈಳಿಗೆಮಣೆಗೂ ಕುಂಕುಮ. ನನ್ನ ಸಾಮಾನು ಮಾತ್ರ ಹಳೇ ಬಟ್ಟೆಯಲ್ಲಿ ಸುತ್ತಿಸಿಕೊಂಡು ಚಪ್ಪಲಿ ಸ್ಟ್ಯಾಂಡಿನ ಹಿಂದೆ ಬಿದ್ದಿತ್ತು.

"ಯಾರು ತೆಗ್ದಿದ್ದು?" ಎಂದೆ.

"ನಾನೇ" ಎಂದರು ಅಪ್ಪ. "ಸಾಯಂಕಾಲ ಗೊಂಬೆ ನೋಡೋ ನೆಪದಲ್ಲಿ ನಿಮ್ಮಕ್ಕನ್ನ ನೋಡೋಕೆ ಬರ್ತಿದಾರೆ. ಅವ್ರ ಮುಂದೆ ಆ ಗುಜರಿ ಯಾಕೆ?"

"ಈಳಿಗೆಮಣೆ ಇಟ್ಟಿದೀರಲ್ಲ."

"ಜಾಸ್ತಿ ಮಾತಾಡ್ಬೇಡ. ನೀನು ಪಿಯುಸಿ ಸೈನ್ಸ್ ಅಂತ ಹೇಳಿದೀನಿ ಅವ್ರಿಗೆ. ಕೇಳಿದ್ರೆ ಸುಮ್ನೆ ತಲೆ ಆಡ್ಸು."

ಅಕ್ಕನ ಮುಖ ನೋಡಿ, ಆ ಗಂಟನ್ನು ಅಲ್ಲೇ ಬಿಟ್ಟೆ.

ಸಂಜೆ ಬಸವನಗುಡಿಯಿಂದ ಹುಡುಗನ ತಂದೆ, ತಾಯಿ ಬಂದರು. ಗೊಂಬೆ ನೋಡಿದರು, ಚಕ್ಕುಲಿ ತಿಂದರು. ನಾನು ಕಾಫಿ ಕೊಡುವಾಗ ಹುಡುಗನ ತಂದೆಯ ಕಣ್ಣು ನನ್ನ ಅಂಗೈ ಮೇಲೆ ಬಿತ್ತು.

"ಏನಪ್ಪಾ ಇದು, ಕೈ ಹಿಂಗಾಗಿದೆ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ, "ಕಾಲೇಜ್ ಲ್ಯಾಬಲ್ಲಿ ಏನೋ ಆಸಿಡ್ ಬಿತ್ತಂತೆ" ಎಂದುಬಿಟ್ಟರು.

ಪಿಯುಸಿ ಎಂದಿದ್ದನ್ನು ಹೇಗೋ ನುಂಗಿಕೊಂಡಿದ್ದೆ. ಆದರೆ ಆ ಬೊಬ್ಬೆಗಳು ನಾನು ದುಡಿದು ಪಡೆದವು. ಅವನ್ನೂ ಸುಳ್ಳು ಮಾಡಿದರಲ್ಲ, ಅದನ್ನು ತಡೆಯಲಾಗಲಿಲ್ಲ.

"ಆಸಿಡ್ ಅಲ್ಲ ಸರ್, ಅರ ಹಿಡ್ದು ಆಗಿರೋದು. ನಾನು ಕಾಲೇಜಿಗೆ ಹೋಗ್ತಿಲ್ಲ. ಐಟಿಐ, ಫಿಟ್ಟರ್."

ಅವರು ಅಪ್ಪನನ್ನೊಮ್ಮೆ ನೋಡಿದರು. "ಓ, ಹಂಗಾ. ಇರ್ಲಿ ಬಿಡಿ, ಅದಕ್ಕೂ ಜನ ಬೇಕಲ್ಲ" ಎಂದು ನಕ್ಕು, ಅಮ್ಮನ ಕಡೆ ತಿರುಗಿ, "ಈ ಪಟ್ಟದ ಗೊಂಬೆ ಹಳೇದಾ?" ಎಂದು ಕೇಳಿದರು.

ಅವರ ಕಡೆಯಿಂದ ಮತ್ತೆ ಸುದ್ದಿ ಬರಲಿಲ್ಲ. "ನೀನು ಹಾಳಾಗಿದ್ದು ಸಾಲ್ದು ಅಂತ ಅವಳ ಬಾಳಿಗೂ ಕಲ್ಲು ಹಾಕ್ದೆ" ಎಂದರು ಅಪ್ಪ. ಅಕ್ಕ ಅಳುತ್ತಾ, "ಅರ್ಧ ಗಂಟೆ ಸುಮ್ನಿರೋಕಾಗ್ಲಿಲ್ವೇನೋ ನಿಂಗೆ?" ಎಂದಳು. ಮುಂದೆ ಅವಳಿಗೆ ಹನುಮಂತನಗರದಲ್ಲಿ ಒಳ್ಳೆಯ ಮನೆಯೇ ಸಿಕ್ಕಿತು. ಆದರೂ ಅವಳ ಆ ಮಾತು ಇನ್ನೂ ಚುಚ್ಚುತ್ತದೆ. ಸುಳ್ಳು ಹೇಳಿದವರನ್ನು ಬಿಟ್ಟು ನಿಜ ಹೇಳಿದವನನ್ನು ಎಲ್ಲರೂ ಬೈದರು. ನಾನೇನು ಕಳ್ಳತನ ಕಲಿಯುತ್ತಿದ್ದೆನೇ?

ಮುಂದಿನ ವರ್ಷ ಅಪ್ಪ ಕಾಲೇಜಿನ ಅರ್ಜಿ ತಂದಾಗ ನಾನು ಮುಟ್ಟಲಿಲ್ಲ. ತರಬೇತಿ ಮುಗಿಸಿದೆ, ವರ್ಷಗಟ್ಟಲೆ ಇನ್ನೊಬ್ಬರ ಕೈಕೆಳಗೆ ದುಡಿದೆ, ಆಮೇಲೆ ಸ್ವಂತ ವರ್ಕ್‌ಶಾಪ್ ಹಾಕಿದೆ. ಈಗಲೂ ಯಾರಾದರೂ ಮಕ್ಕಳಿಗೆ "ಓದ್ದೆ ಇದ್ರೆ ಐಟಿಐಗೆ ಹಾಕ್ತೀನಿ ನೋಡು" ಎಂದು ಹೆದರಿಸುವುದು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ.

ಇವತ್ತು ನನಗಿರುವುದು ಇಷ್ಟು: ಬಾಡಿಗೆಯದೊಂದು ಶೆಡ್, ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಜೊತೆಗೆ ದುಡಿಯುವ ಮೂವರು, ಹೆಂಡತಿ, ಒಬ್ಬಳು ಮಗಳು, ಮತ್ತು ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ "ಏನೋ ಬಿಸಿನೆಸ್ಸು" ಎಂದು ಮಾತು ಬದಲಿಸುವ ಅಪ್ಪ.