ಯಂತ್ರಕ್ಕೆ ನಮ್ಮೂರ ಗಂಟೆ ಕಲಿಸಿದ ಲುಡ್ವಿನಾ ಅವರು

ಬೋಗನ್‌ವಿಲ್ ದ್ವೀಪದ ಆಸ್ಪತ್ರೆಗಳಲ್ಲಿ ದಾಖಲೆ ಇಡುವ ಕೆಲಸಕ್ಕೆ ಒಂದು ಘನತೆಯನ್ನು ತಂದುಕೊಟ್ಟವರು ಯಾರೆಂದು ಕೇಳಿದರೆ, ಬುಕಾದಿಂದ ಬುಯಿನ್‌ವರೆಗೆ ಎಲ್ಲರೂ ಹೇಳುವ ಹೆಸರು ಶ್ರೀಮತಿ ಲುಡ್ವಿನಾ ತ್ಸೋಬಿನ್ ಅವರದು. ಅವರ ಕೈಕೆಳಗೆ ಹದಿನಾಲ್ಕು ವರ್ಷ ದುಡಿದ ಕಾಸ್ಮಾಸ್ ಕಿಯಾಟ ಎಂಬ ನಾನು ಇದನ್ನು ಬರೀ ಸಂತೋಷದಿಂದ ಬರೆಯುತ್ತಿದ್ದೇನೆ ಎಂದರೆ ಅರ್ಧ ಸುಳ್ಳಾದೀತು. ಉಳಿದರ್ಧ ಹೊಟ್ಟೆಕಿಚ್ಚು.

ದ್ವೀಪದ ಅಂತರ್ಯುದ್ಧ ಮುಗಿದು ನಮ್ಮ ಆಸ್ಪತ್ರೆ ಮತ್ತೆ ಬಾಗಿಲು ತೆರೆದಾಗ, ಗೆದ್ದಲು ತಿಂದ ರಿಜಿಸ್ಟರುಗಳಿಂದ ಒಂದೊಂದೇ ಹೆಸರನ್ನು ಬಿಡಿಸಿ ಬರೆದುಕೊಂಡವರು ಅವರು. ಮುಂದೆ ಕಂಪ್ಯೂಟರು ಬಂದಾಗ ಅದನ್ನೂ ಅದೇ ತಾಳ್ಮೆಯಿಂದ ಕಲಿತರು. ಲಾಯೆ ನಗರದಲ್ಲಿ ಡಿಪ್ಲೊಮಾ ಮುಗಿಸಿ ೨೦೧೦ರಲ್ಲಿ ಬಂದ ನನಗೆ ಮೊದಲ ದಿನವೇ ತಮ್ಮ ಬುತ್ತಿಯ ತಮಾತಮಾ ಬಡಿಸಿದರು. ಕುಟ್ಟಿದ ಬಾಳೆಗೆ ತೆಂಗಿನಹಾಲು ಬೆರೆಸಿದ ಆ ತಿನಿಸನ್ನು ಚಪ್ಪರಿಸುತ್ತಲೇ, ಓದದ ಈ ಹೆಂಗಸು ನನ್ನ ಮೇಲಧಿಕಾರಿಯೇ ಎಂದು ಕುದಿದಿದ್ದೆ.

೨೦೧೪ರ ಡಿಸೆಂಬರ್ ಇಪ್ಪತ್ತೆಂಟರಂದು ನಮ್ಮ ದ್ವೀಪ ದೇಶದ ರಾಜಧಾನಿ ಮೋರ್ಸ್ಬಿಯ ಗಂಟೆಯನ್ನು ಬಿಟ್ಟು ಒಂದು ಗಂಟೆ ಮುಂದಕ್ಕೆ ಹೋಯಿತು. ಆ ಭಾನುವಾರ ನಾನೊಬ್ಬನೇ ಬಂದು, ಔಷಧಿ ಚೀಟಿ ಮುದ್ರಿಸುವ ಮುಖ್ಯ ಕಂಪ್ಯೂಟರಿನ ಗಡಿಯಾರವನ್ನು ಕೈಯಾರೆ ಮುಂದಕ್ಕೆ ಸರಿಸಿ ಹೆಮ್ಮೆಯಿಂದ ಮನೆಗೆ ಹೋದೆ. ಸೋಮವಾರ ಮಕ್ಕಳ ವಾರ್ಡಿನ ನರ್ಸ್ ಜೋಸೆಫಾ ಚೀಟಿ ಹಿಡಿದು ಓಡಿಬಂದಳು.

"ಗೋಡೆ ಗಡಿಯಾರ ಹನ್ನೊಂದು ಅಂತಿದೆ, ನಿಮ್ಮ ಚೀಟಿ ಹತ್ತು ಅಂತಿದೆ. ಮಗೂಗೆ ಸೂಜಿ ಈಗ ಚುಚ್ಚಲೋ, ಆಮೇಲೋ?"

ಲುಡ್ವಿನಾ ಅವರು, "ಹಿಂದಿನ ಸೂಜಿ ಎಷ್ಟೊತ್ತಿಗೆ ಕೊಟ್ರಿ ಅಂತ ಕೈಬರಹದ ಪುಸ್ತಕ ನೋಡಮ್ಮ, ಅಲ್ಲಿಂದ ಎಣಿಸಿ ಕೊಡು" ಎಂದು ಅವಳನ್ನು ಕಳಿಸಿ, ನನ್ನ ಪಕ್ಕ ಕುಳಿತರು.

"ಮುಳ್ಳು ತಿರುಗಿಸಿದ್ರೆ ಏನು ಬಂತೋ? ನಾವು ಮೋರ್ಸ್ಬಿಲೇ ಇದೀವಿ ಅಂತ ಇದು ನಂಬ್ಕೊಂಡಿದೆ. ನೆಟ್‌ವರ್ಕಿಂದ ಸಮಯ ಕೇಳಿ ವಾಪಸ್ ಸರಿಮಾಡ್ಕೊಂಡಿದೆ."

ಕಪ್ಪು ಪರದೆಯಲ್ಲಿ ಒಂದು ಆಜ್ಞೆ ಟೈಪ್ ಮಾಡಿ, ಆ ಯಂತ್ರ ಬಲ್ಲ ಕಾಲವಲಯಗಳ ಪಟ್ಟಿ ತರಿಸಿದರು. ನಮ್ಮ ದ್ವೀಪದ ಹೆಸರು ಅದರಲ್ಲಿ ಇರಲಿಲ್ಲ. ನನಗೆ ಒಳಗೊಳಗೇ ಖುಷಿ.

"ಇಲ್ಲ ಅಂದ್ರೆ ಇಲ್ಲ ಅಕ್ಕಾ. ಹೊಸ ಪಟ್ಟಿ ಬರೋವರೆಗೂ ಕಾಯ್ಬೇಕು."

"ಗ್ವಾಡಲ್ಕನಾಲ್ ಇದೆಯಲ್ಲೋ. ನಮ್ಮ ಹೊಸ ಗಂಟೆ ಅವರದ್ದೇ ತಾನೇ?"

ಅಷ್ಟೇ. ಪಕ್ಕದ ದ್ವೀಪದ ಹೆಸರಿಟ್ಟು ಒಂದು ಸಾಲು ಹೊಡೆದರು, ಗಡಿಯಾರ ಸರಿಯಾಯಿತು, ಮತ್ತೆ ಜಾರಲಿಲ್ಲ. ಮಧ್ಯಾಹ್ನ ಹಿರಿಯ ವೈದ್ಯರು ವಿಚಾರಿಸಿದಾಗ, "ಕಾಸ್ಮಾಸ್ ರಜಾ ದಿನಾನೂ ಬಂದು ದುಡಿದಿದಾನೆ, ನಾನು ಒಂದು ಸಾಲು ಸೇರಿಸಿದೆ ಅಷ್ಟೇ" ಎಂದರು. ಅವರು ಬೈದಿದ್ದರೆ ನಿಶ್ಚಿಂತೆಯಿಂದ ದ್ವೇಷಿಸಿಕೊಂಡು ಇರುತ್ತಿದ್ದೆ. ಆ ಹೊಗಳಿಕೆ ಮಾತ್ರ ಎದೆಯಲ್ಲಿ ಕೆಂಡದಂತೆ ಕೂತಿತು.

ಮುಂದಿನ ತಿಂಗಳು ನಮ್ಮ ಹೆಸರಿದ್ದ ಹೊಸ ಪಟ್ಟಿ ಬಂತು. ಆ ಸುದ್ದಿಯನ್ನು ಅವರಿಗೆ ತಿಳಿಸದೆ ಮುಚ್ಚಿಟ್ಟೆ. ಶನಿವಾರ ಬೆಳಗ್ಗೆ ಬೇಗ ಬಂದು, ಜೋಸೆಫಾಳನ್ನೂ ಇನ್ನಿಬ್ಬರು ನರ್ಸುಗಳನ್ನೂ ಕರೆದು ನಿಲ್ಲಿಸಿಕೊಂಡು ನಮ್ಮ ದ್ವೀಪದ ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದೆ. ಅಂಥ ವಲಯವೇ ಇಲ್ಲ ಎಂದಿತು ಯಂತ್ರ. ಮೂರು ಸಲ ಹೊಡೆದೆ, ಮೂರು ಸಲವೂ ಅದೇ ಉತ್ತರ. ಹಿಂದಿನಿಂದ ಪರಿಚಿತ ದನಿ ಕೇಳಿತು:

"ಓ ಅಕ್ಷರ ಆದ್ಮೇಲೆ ಯು ಬಿಟ್ಟಿದೀಯಲ್ಲೋ ಪುಣ್ಯಾತ್ಮ. ನಮ್ಮೂರ ಹೆಸರು!"

ಜೋಸೆಫಾ ಕಿಸಕ್ಕೆಂದಳು. ನಾನು ಎದ್ದು ಕುರ್ಚಿ ಬಿಟ್ಟೆ. ಅವರು ಕುಳಿತುಕೊಳ್ಳಲಿಲ್ಲ. ಯಾಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ.

"ಕೂತ್ಕೋ, ನೀನೇ ಹೊಡಿ."

ಹೊಡೆದೆ. ಗಂಟೆ ಒಂದು ನಿಮಿಷವೂ ಅಲುಗಲಿಲ್ಲ. ಗ್ವಾಡಲ್ಕನಾಲ್ ಇದ್ದ ಜಾಗದಲ್ಲಿ ಬೋಗನ್‌ವಿಲ್ ಬಂತು, ಅಷ್ಟೇ ಬದಲಾವಣೆ. ಜೋಸೆಫಾ ನಗುತ್ತಲೇ ಕಣ್ಣೊರೆಸಿಕೊಂಡಳು. ಎಲ್ಲರಿಗಿಂತ ಜೋರಾಗಿ, ನನಗಾಗಿ, ಚಪ್ಪಾಳೆ ತಟ್ಟಿದವರು ಲುಡ್ವಿನಾ ಅವರು. ಬಯಸಿದ ಚಪ್ಪಾಳೆ ಸಿಕ್ಕಿತ್ತು. ಆದರೆ ಇನ್ನೊಬ್ಬರ ಗೆಲುವಿಗೆ ಹಾಗೆ ಮನಸಾರೆ ತಟ್ಟಬಲ್ಲ ಆ ಎರಡು ಕೈಗಳನ್ನು ಕಂಡು ಮತ್ತೆ ಕರುಬಿದೆ.

ಅವರು ನಿವೃತ್ತರಾಗಿ ಈಗ ಅವರ ಕುರ್ಚಿ ನನ್ನದು. ಆದರೂ ಏನಾದರೂ ಕೆಟ್ಟರೆ ಜನ ನನ್ನನ್ನು ದಾಟಿಕೊಂಡು ಅವರ ಮನೆಗೇ ಹೋಗುತ್ತಾರೆ. ಹೋಗಲಿ. ಅವರ ಆರೋಗ್ಯ ಗಟ್ಟಿಯಾಗಿರಲಿ, ಕೈಗಳಿಗೆ ಕೆಲಸ ತಪ್ಪದಿರಲಿ. ನನ್ನಿಂದ ಇಷ್ಟಾದರೂ ಒಳ್ಳೆಯ ಕೆಲಸ ಮಾಡಿಸಿದ್ದು ಈ ಹೊಟ್ಟೆಕಿಚ್ಚೇ. ಅದು ಇನ್ನೂ ಬಹಳ ವರ್ಷ ಉರಿಯಬೇಕಾಗಿದೆ, ಅಷ್ಟು ವರ್ಷವೂ ಅವರು ಬಾಳಬೇಕು.